ಜಿರಾಫೆ ಮುಂದೆ ಮುಕ್ಕಾಲು ಗಂಟೆ

2024ರ ದಸರಾ ರಜೆಯಲ್ಲಿ ಮಕ್ಕಳನ್ನು ಮೈಸೂರು ಜೂಗೆ ಕರೆದುಕೊಂಡು ಹೋಗಿದ್ದೆವು. ದುಡ್ಡು ಕೊಟ್ಟು ಒಳಗೆ ಹೋದ ಮೇಲೆ ಒಂದು ಪ್ರಾಣಿಯನ್ನೂ ಬಿಡಬಾರದು ಅಂತ ಹಠ. ಎಲ್ಲಿ ನೋಡಿದರೂ ಜನ. ಅರ್ಧ ದಾರಿಗೇ ಮಗನಿಗೆ ಕಾಲು ಸೋತು ಹೋಯಿತು, ಉಳಿದರ್ಧ ಅವನನ್ನು ಹೆಗಲ ಮೇಲೆ ಹೊತ್ತು ಮುಗಿಸಿದೆವು. ಮನೆಗೆ ಬಂದಾಗ ಅತ್ತೆ ‘ಏನೇನು ನೋಡ್ದೆ ಮಗ?’ ಅಂತ ಕೇಳಿದರು. ಅವನು ಸುಮ್ಮನೆ ನನ್ನ ಮುಖ ನೋಡಿದ. ಅವತ್ತು ತುಂಬಾ ಬೇಜಾರಾಯಿತು.

ಹಾಗಾಗಿ 2025ರ ಆಗಸ್ಟ್‌ನಲ್ಲಿ ಮತ್ತೆ ಹೊರಟಾಗ ಬೇರೆ ಥರ ಯೋಚನೆ ಮಾಡಿದೆ. ಈ ಸಲ ಅತ್ತೆಯೂ ಜೊತೆಗೆ. ಅವರಿಗೆ ಮಂಡಿನೋವು, ಮಗಳಿಗೆ ಒಂಬತ್ತು, ಮಗನಿಗೆ ಐದು. ಕಾರಂಜಿ ಕೆರೆಯೂ ಸೇರಿ ಸುಮಾರು 157 ಎಕರೆ ಇರುವ ಜಾಗ ಅದು. ಪೂರ್ತಿ ಸುತ್ತುವುದು ನಮ್ಮ ಕೈಲಾಗುವ ಕೆಲಸ ಅಲ್ಲ. ಹಿಂದಿನ ರಾತ್ರಿಯೇ ಮಕ್ಕಳನ್ನು ಕೂರಿಸಿಕೊಂಡು, ‘ನಿಮಗೆ ನೋಡಲೇಬೇಕು ಅನ್ನಿಸೋ ಮೂರು ಪ್ರಾಣಿ ಹೇಳಿ’ ಅಂದೆ. ಮಗಳು ಜಿರಾಫೆ, ಗೊರಿಲ್ಲಾ ಅಂದಳು. ಮಗ ಸಿಂಹ ಅಂದ. ದಾರಿಯಲ್ಲಿ ಬೇರೆ ಏನು ಸಿಕ್ಕಿದರೂ ಲಾಭ ಅಂತ ಮಾತಾಯಿತು.

ಸಂಜೆಗೆ ಸಿನಿಮಾ. ಪ್ರಹ್ಲಾದನ ಕಥೆಯ ಆನಿಮೇಷನ್ ಸಿನಿಮಾ ಆ ಜುಲೈನಲ್ಲಿ ಬಿಡುಗಡೆಯಾಗಿ ಇನ್ನೂ ಓಡುತ್ತಿತ್ತು. ಕನ್ನಡದಲ್ಲೇ ಇತ್ತು ಅನ್ನುವುದು ನನಗೆ ಮುಖ್ಯ. ಬೇರೆ ಭಾಷೆ ಆಗಿದ್ದರೆ ಅತ್ತೆ ಸುಮ್ನೆ ಎರಡು ಗಂಟೆ ಕತ್ತಲಲ್ಲಿ ಕೂತು ಬರಬೇಕಿತ್ತು.

ಮಂಡ್ಯದಿಂದ ಬೆಳಿಗ್ಗೆ ರೈಲು ಹತ್ತಿದೆವು, ಮೈಸೂರಲ್ಲೇ ಇಡ್ಲಿ ತಿಂದೆವು. ಜೂ ಬಾಗಿಲು ತೆಗೆಯೋದು ಎಂಟೂವರೆಗೆ. ಆ ಹೊತ್ತಿಗೇ ಹೋಗಿ ಅಂತ ಯಾರು ಕೇಳಿದರೂ ಹೇಳುತ್ತೇನೆ. ಬಿಸಿಲು ಇರುವುದಿಲ್ಲ, ಜನ ಕಡಿಮೆ, ಪ್ರಾಣಿಗಳೂ ಓಡಾಡಿಕೊಂಡಿರುತ್ತವೆ. ಮಂಗಳವಾರ ರಜೆ ಅನ್ನೋದು ಮಾತ್ರ ಮರೆಯಬೇಡಿ. ಒಳಗೆ ಪ್ಲಾಸ್ಟಿಕ್‌ಗೆ ಅವಕಾಶ ಇಲ್ಲ, ಅದಕ್ಕೇ ಸ್ಟೀಲ್ ಬಾಟಲಿಯಲ್ಲಿ ನೀರು ತುಂಬಿಕೊಂಡಿದ್ದೆ. ಗೇಟಿನ ಹತ್ತಿರ ಅತ್ತೆ ಒಂದು ಕ್ಷಣ ನಿಂತು, ‘ಮಾರಾಜ್ರು ಮಾಡಿದ್ದಲ್ವಾ ಇದು’ ಅಂದರು. ಹೌದು, 1892ರಲ್ಲಿ ಹತ್ತನೇ ಚಾಮರಾಜ ಒಡೆಯರ್ ಶುರು ಮಾಡಿದ್ದು. ಈಗಲೂ ಅವರದೇ ಹೆಸರು.

ಜಿರಾಫೆ ಹತ್ತಿರ ಬಂದಾಗ ಅತ್ತೆಗೆ ಕೂರಬೇಕು ಅನ್ನಿಸಿತು. ಎಲ್ಲರೂ ಕೂತೆವು. ಒಂದು ಜಿರಾಫೆ ಬೇಲಿಗೆ ಹತ್ತಿರವೇ ನಿಂತು ಏನೋ ಅಗಿಯುತ್ತಿತ್ತು. ಎದುರಿಗೆ ಸೊಪ್ಪೇ ಇಲ್ಲ, ಬಾಯಿ ಮಾತ್ರ ಆಡುತ್ತಿದೆ. ಅತ್ತೆ ಕಣ್ಣು ಕಿರಿದು ಮಾಡಿ ನೋಡಿ, ‘ನೋಡ್ಲಾ ಮಗ, ನಮ್ಮ ಗೌರಿ ಥರಾನೇ ಮೆಲುಕು ಹಾಕ್ತಾ ಅದೆ’ ಅಂದರು. ಗೌರಿ ನಮ್ಮ ಹಸು. ಆಮೇಲೆ ನಾವೂ ಗಮನಿಸಿದೆವು. ಅಗಿಯೋದು ನಿಲ್ಲುತ್ತದೆ. ನುಂಗುತ್ತದೆ. ಒಂದೆರಡು ಉಸಿರು ಸುಮ್ಮನಿರುತ್ತದೆ. ಆಮೇಲೆ ಆ ಉದ್ದ ಕುತ್ತಿಗೆಯ ಬುಡದಲ್ಲಿ ನಿಂಬೆಹಣ್ಣಿನಂಥ ಒಂದು ಉಬ್ಬು ಎದ್ದು, ಚರ್ಮದೊಳಗೇ ಸರ್ರನೆ ಮೇಲಕ್ಕೆ ಹೋಗಿ ಗಂಟಲು ಸೇರುತ್ತದೆ. ಮತ್ತೆ ದವಡೆ ಅಡ್ಡಡ್ಡ ಆಡೋಕೆ ಶುರು. ಮಗ ‘ಬಂತು ಬಂತು’ ಅಂತ ಬೆರಳು ತೋರಿಸಿ ಎಣಿಸತೊಡಗಿದ. ಹದಿನೇಳು ಎಣಿಸಿದ. ಇಷ್ಟುದ್ದದ ಕುತ್ತಿಗೆಯಲ್ಲೂ ನಮ್ಮ ಹಾಗೆ ಏಳೇ ಮೂಳೆ ಅಂತ ನಾನು ಹೇಳಿದಾಗ ಮಗಳು ತನ್ನ ಕತ್ತನ್ನೇ ಮುಟ್ಟಿ ನೋಡಿಕೊಂಡಳು. ಗಡಿಯಾರ ನೋಡಿದರೆ ಮುಕ್ಕಾಲು ಗಂಟೆ ಆಗಿತ್ತು. ಹಿಂದಿನ ಸಲ ಇದೇ ಜಾಗದಲ್ಲಿ ಒಂದು ಫೋಟೋ ತೆಗೆದು ಮುಂದೆ ನಡೆದಿದ್ದೆವು.

ಗೊರಿಲ್ಲಾ ನೋಡುವಾಗ ನನಗೆ ನನ್ನದೇ ನೆನಪು. ನಾನು ಹುಡುಗಿಯಾಗಿದ್ದಾಗ ಇಲ್ಲಿ ಪೋಲೋ ಅನ್ನೋ ಗೊರಿಲ್ಲಾ ಒಂಟಿಯಾಗಿ ಇತ್ತು. 2014ರಲ್ಲಿ ಸತ್ತುಹೋಯಿತು. ಈಗಿರುವ ಎರಡು ಗಂಡು ಗೊರಿಲ್ಲಾಗಳು 2021ರಲ್ಲಿ ಜರ್ಮನಿಯಿಂದ ಬಂದವು. ಎರಡಿವೆಯಲ್ಲ, ಅಷ್ಟು ಸಾಕು ಅನ್ನಿಸಿತು ನನಗೆ. ಸಿಂಹ ಮಾತ್ರ ನಿದ್ದೆ ಮಾಡುತ್ತಿತ್ತು. ಮಗ ಎಷ್ಟು ಕಾದರೂ ಏಳಲಿಲ್ಲ. ಅವನ ಕಣ್ಣಲ್ಲಿ ನೀರು ಬಂತು. ಸಿಂಹ ದಿನದ ಹೆಚ್ಚು ಹೊತ್ತು ಮಲಗೇ ಇರುತ್ತದೆ, ಅದರ ಸ್ವಭಾವವೇ ಹಾಗೆ ಅಂತ ಅವರಪ್ಪ ಸಮಾಧಾನ ಹೇಳಿದರು. ಹನ್ನೊಂದೂವರೆಗೆ ಹೊರಟೆವು. ಹುಲಿ, ಆನೆ ಸರಿಯಾಗಿ ನೋಡಲೇ ಇಲ್ಲ. ಯಾರೂ ಕೇಳಲೂ ಇಲ್ಲ.

ಮೈಸೂರಲ್ಲೇ ನಾದಿನಿ ಮನೆ. ಅಲ್ಲಿ ಊಟ ಮಾಡಿ ಒಂದೂವರೆ ಗಂಟೆ ಎಲ್ಲರೂ ಮಲಗಿದೆವು. ಜೂ ಮತ್ತು ಸಿನಿಮಾ ಒಂದೇ ದಿನ ಇಟ್ಟುಕೊಳ್ಳುವವರಿಗೆ ನನ್ನ ಕೋರಿಕೆ ಇದೊಂದೇ. ಮಧ್ಯದ ಈ ನಿದ್ದೆ ತಪ್ಪಿಸಬೇಡಿ. ನೆಂಟರ ಮನೆ ಇಲ್ಲದಿದ್ದರೆ ನೆರಳಿರುವ ಪಾರ್ಕೂ ಆದೀತು. ಜೂ ಬೆಳಿಗ್ಗೆಯೇ ಇರಲಿ, ಸಿನಿಮಾ ಸಂಜೆಗೇ ಇರಲಿ. ದಣಿದ ಮಕ್ಕಳು ಕುರ್ಚಿಯಲ್ಲಿ ಕೂರುತ್ತವೆ, ಕೂತು ಕೂತು ಬೇಸತ್ತ ಮಕ್ಕಳು ನಡೆಯೋಕೆ ಒಪ್ಪಲ್ಲ.

ಸಿನಿಮಾಗೂ ಒಂದು ತಯಾರಿ ಮಾಡಿದ್ದೆ. ಹಿರಣ್ಯಕಶಿಪು ಮಗುವನ್ನು ಬೆಂಕಿಗೆ ಕೂರಿಸುವುದು, ಬೆಟ್ಟದಿಂದ ತಳ್ಳಿಸುವುದು ಐದು ವರ್ಷದವನಿಗೆ ಹೆದರಿಕೆಯೇ. ಅದಕ್ಕೆ ಒಂದು ವಾರ ದಿನಾ ರಾತ್ರಿ ಅತ್ತೆ ಅದೇ ಕಥೆ ಹೇಳಿದ್ದರು, ಕೊನೆವರೆಗೂ. ಪ್ರಹ್ಲಾದನಿಗೆ ಏನೂ ಆಗಲ್ಲ ಅಂತ ಅವನಿಗೆ ಗೊತ್ತಿತ್ತು. ಸೌಂಡ್ ಜೋರಿರುತ್ತದೆ ಅಂತ ಕಿವಿಗೆ ಹತ್ತಿ ಇಟ್ಟಿದ್ದೆ. ಬೆಂಕಿ ಬಂದಾಗ ಅಜ್ಜಿಯ ಸೆರಗು ಗಟ್ಟಿಯಾಗಿ ಹಿಡಿದುಕೊಂಡ, ಅಳಲಿಲ್ಲ.

ಕಂಬ ಒಡೆದು ನರಸಿಂಹ ಎದ್ದು ನಿಂತಾಗ ಅತ್ತೆ ಕೈ ಮುಗಿದರು. ಅವರಿಗೆ ಮೇಲುಕೋಟೆ ಬೆಟ್ಟದ ಯೋಗನರಸಿಂಹ ಅಂದರೆ ಪ್ರಾಣ, ವರ್ಷಕ್ಕೊಮ್ಮೆಯಾದರೂ ಹೋಗಿ ಬರುತ್ತಾರೆ. ಮಗ ಸ್ಕ್ರೀನ್ ಕಡೆಯಿಂದ ಕಣ್ಣು ತೆಗೆಯದೆ ಅವರ ಕಿವಿ ಹತ್ತಿರ ಬಗ್ಗಿ, ‘ಅಜ್ಜಿ, ಈಗ ಎದ್ದಿತು ನೋಡು’ ಅಂದ. ಅತ್ತೆ ಅವನನ್ನು ಎಳೆದು ತೊಡೆ ಮೇಲೆ ಕೂರಿಸಿಕೊಂಡರು. ಸಿನಿಮಾ ಮುಗಿಯುವವರೆಗೂ ಅಲ್ಲೇ ಇದ್ದ.

ರೈಲಲ್ಲಿ ಇಬ್ಬರೂ ಮಕ್ಕಳು ನಿದ್ದೆ. ಮರುದಿನ ಬೆಳಿಗ್ಗೆ ಹಾಲು ಕರೆಯೋಕೆ ಕೊಟ್ಟಿಗೆಗೆ ಹೋದರೆ ಮಗ ಆಗಲೇ ಎದ್ದು ಬಂದು ಗೌರಿ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಾನೆ. ಅವಳ ಕುತ್ತಿಗೆಯನ್ನೇ ದಿಟ್ಟಿಸುತ್ತಿದ್ದಾನೆ. ‘ಅಮ್ಮ, ಮಾತಾಡ್ಬೇಡ. ನಾಲ್ಕನೇದು ಬರ್ತಿದೆ.’