ಜೂನ್ ತಿಂಗಳು ಇದ್ದಕ್ಕಿದ್ದಂತೆ ಬರುವುದಿಲ್ಲ

ನಮ್ಮ ಮಹಡಿ ಮನೆಯಲ್ಲಿ ಬಾಡಿಗೆಗಿರುವ ಹುಡುಗಿ ಮೊನ್ನೆ ಸಂಜೆ ಕೆಳಗಿಳಿದು ಬಂದು ಅಡುಗೆಮನೆ ಕಟ್ಟೆಗೆ ಒರಗಿ ನಿಂತಳು. "ಅಮ್ಮಾ, ದಿನಾ ಲೆಕ್ಕ ಬರೀತೀನಿ, ದುಂದು ಮಾಡೋರೂ ಅಲ್ಲ ನಾವು. ಆದ್ರೂ ಮೂರು ತಿಂಗಳಿಗೊಂದ್ಸಲ ಯಾರ ಹತ್ರನಾದ್ರೂ ಸಾಲ ಕೇಳೋ ಹಾಗಾಗುತ್ತೆ. ಎಲ್ಲಿ ಸೋರ್ತಿದೆ ಅಂತಾನೇ ಗೊತ್ತಾಗಲ್ಲ" ಅಂದಳು. ಕಣ್ಣಲ್ಲಿ ನೀರಿತ್ತು. "ಪುಸ್ತಕ ತಗೊಂಡ್ ಬಾಮ್ಮ, ನೋಡೋಣ" ಅಂದೆ. ಅಚ್ಚುಕಟ್ಟಾಗಿಯೇ ಬರೆದಿದ್ದಳು. ಹಾಲು, ತರಕಾರಿ, ದಿನಸಿ, ಪೆಟ್ರೋಲು, ಮೊಬೈಲ್ ರೀಚಾರ್ಜು, ಒಂದೂ ಬಿಟ್ಟಿರಲಿಲ್ಲ. ವರ್ಷಕ್ಕೊಮ್ಮೆ ಬರುವ ಖರ್ಚುಗಳು ಮಾತ್ರ ಎಲ್ಲೂ ಕಾಣಲಿಲ್ಲ.

ಅವಳ ಪುಸ್ತಕ ನೋಡಿದಾಗ ನನಗೆ 1991ರ ಜೂನ್ ನೆನಪಾಯಿತು. ನಮ್ಮವರು ಹೈಸ್ಕೂಲ್ ಮೇಷ್ಟ್ರು. ಇಬ್ಬರು ಮಕ್ಕಳ ಫೀಸು, ಅದೇ ತಿಂಗಳು ಎಲ್‌ಐಸಿ ಕಂತು, ಮೊದಲ ಮಳೆಗೇ ಸೋರಲು ಶುರುವಾದ ಹೆಂಚು, ಎಲ್ಲವೂ ಒಟ್ಟಿಗೆ ಬಂದು ಕೂತವು. ನನ್ನ ಎರಡು ಬಳೆ ಅಡವಿಟ್ಟೆವು. ಬಿಡಿಸಿಕೊಳ್ಳುವ ಹೊತ್ತಿಗೆ ದೀಪಾವಳಿ ಕಳೆದಿತ್ತು, ಬಡ್ಡಿ ಬೇರೆ. ಆ ಬೇಸರದಲ್ಲಿ ಒಂದು ರಾತ್ರಿ ಗೋಡೆಯ ಕ್ಯಾಲೆಂಡರ್ ಇಳಿಸಿಕೊಂಡು ಕೂತಾಗ ಹೊಳೆಯಿತು: ಇವುಗಳಲ್ಲಿ ಯಾವುದು ಹೇಳದೆ ಕೇಳದೆ ಬಂದಿತ್ತು? ಶಾಲೆ ತೆರೆಯುವುದು ಗೊತ್ತಿತ್ತು, ಕಂತಿನ ತಾರೀಖು ಗೊತ್ತಿತ್ತು, ಮಳೆ ಬರುತ್ತದೆಂದೂ ಗೊತ್ತಿತ್ತು. ನಾನು ಮಾತ್ರ ಮೇ ತಿಂಗಳವರೆಗೆ ಇವು ಯಾವುವೂ ಇಲ್ಲವೇನೋ ಎಂಬಂತೆ ಸಂಸಾರ ಮಾಡಿದ್ದೆ.

ಅದಕ್ಕೇ ಆ ಹುಡುಗಿಗೆ ಮೊದಲು ಮಾಡಿಸಿದ್ದು ಕ್ಯಾಲೆಂಡರ್ ಕೆಲಸ. ಜನವರಿಯಿಂದ ಡಿಸೆಂಬರ್‌ವರೆಗೆ ಹಾಳೆ ತಿರುವುತ್ತಾ, ಯಾವ ತಿಂಗಳಲ್ಲಿ ಏನು ಕಟ್ಟಬೇಕು ಎಂದು ಕೆಂಪು ಪೆನ್ನಿನಲ್ಲಿ ಬರೆಸಿದೆ. ಮಗುವಿನ ಶಾಲೆಗೆ 36,000. ಎಲ್‌ಐಸಿಗೆ 18,000. ಸ್ಕೂಟರ್ ಇನ್ಶೂರೆನ್ಸ್ 1,500. ಪುಸ್ತಕ, ಬ್ಯಾಗು, ಯೂನಿಫಾರ್ಮು, ರೇನ್‌ಕೋಟು ಸೇರಿ 6,000. ಯುಗಾದಿ, ವರಮಹಾಲಕ್ಷ್ಮಿ, ಗೌರಿ-ಗಣೇಶ, ದಸರಾ, ದೀಪಾವಳಿಗೆ ಬಟ್ಟೆಬರೆ ಎಲ್ಲ ಹಿಡಿದು 12,000. ಊರಿನ ಜಾತ್ರೆಗೆ ಹೋಗಿಬರುವುದು 4,500. ಮದುವೆ, ಗೃಹಪ್ರವೇಶದ ಮುಯ್ಯಿ 6,000. ಕೂಡಿಸಿದರೆ 84,000 ರೂಪಾಯಿ. ಹನ್ನೆರಡರಿಂದ ಭಾಗಿಸು ಅಂದೆ. ತಿಂಗಳಿಗೆ 7,000 ಬಂತು. ಅವಳು ಸುಮ್ಮನೆ ಆ ಅಂಕಿಯನ್ನೇ ನೋಡುತ್ತಾ ಕೂತಳು. ಗಂಡನ ಕೈಗೆ ಬರುವ ಸಂಬಳ 42,000. ಆದರೆ ಸಂಸಾರಕ್ಕೆ ಅವರ ಸಂಬಳ 35,000 ಮಾತ್ರ. ಮಿಕ್ಕ 7,000 ಆಗಲೇ ಶಾಲೆಯದು, ಹಬ್ಬದ್ದು, ನೆಂಟರದು. ಇಷ್ಟು ದಿನ ಇಬ್ಬರೂ 42,000 ಇದೆ ಎಂದುಕೊಂಡೇ ದಿನಸಿ ಚೀಟಿ ಬರೆಯುತ್ತಿದ್ದರು.

ಈ 7,000 ಸಂಬಳ ಬಂದ ದಿನವೇ ಬೇರೆ ಕಡೆ ಹೋಗಬೇಕು. ತಿಂಗಳ ಕೊನೆಗೆ ಉಳಿದರೆ ಇಡೋಣ ಎಂದುಕೊಂಡರೆ ಯಾವ ಮನೆಯಲ್ಲೂ ಉಳಿಯುವುದಿಲ್ಲ, ಇದನ್ನು ನಾನು ಐವತ್ತು ವರ್ಷದ ಅನುಭವದ ಮೇಲೆ ಹೇಳುತ್ತಿದ್ದೇನೆ. ನಾನು ಸ್ಟೀಲ್ ಡಬ್ಬಿಯಲ್ಲಿ ಬೇರೆಬೇರೆ ಕವರ್ ಮಾಡಿ ಇಡುತ್ತಿದ್ದೆ, ಪ್ರತಿ ಕವರಿನ ಮೇಲೆ ತಿಂಗಳ ಹೆಸರು. ಈಗಿನವರು ಇನ್ನೊಂದು ಬ್ಯಾಂಕ್ ಖಾತೆ ಇಟ್ಟುಕೊಳ್ಳಿ, ಆ ಖಾತೆಯನ್ನು ಫೋನಿನ ಯುಪಿಐಗೆ ಸೇರಿಸಬೇಡಿ, ಸಾಕು. ಗೃಹಲಕ್ಷ್ಮಿಯ 2,000 ಬರುವ ಮನೆಯಾದರೆ ಅದನ್ನೂ ದಿನಸಿಗೆ ಲೆಕ್ಕ ಹಿಡಿಯಬೇಡಿ. ಇಂಥ ತಾರೀಖಿಗೇ ಬರುತ್ತದೆಂದು ನೆಚ್ಚಿಕೊಳ್ಳಲಾಗದ ಹಣವನ್ನು ದಿನದ ಅನ್ನಕ್ಕೆ ಜೋಡಿಸಬಾರದು. ಬಂದಾಗ ಬರಲಿ, ನೇರವಾಗಿ ಈ ವರ್ಷದ ಖಾತೆಗೆ ಹೋಗಲಿ.

ಕರೆಂಟ್ ಬಿಲ್ ವಿಷಯದಲ್ಲೂ ಕಣ್ಣಿಡಿ. ಗೃಹಜ್ಯೋತಿ ಬಂದ ಮೇಲೆ ಬಿಲ್ ಸೊನ್ನೆ ಎಂದು ಎಷ್ಟೋ ಮನೆಯವರು ಆ ಚೀಟಿ ಓದುವುದನ್ನೇ ಬಿಟ್ಟಿದ್ದಾರೆ. ಪ್ರತಿ ಮನೆಗೂ ಹಿಂದಿನ ಬಳಕೆ ನೋಡಿ ಒಂದು ಮಿತಿ ಗೊತ್ತುಮಾಡಿದ್ದಾರೆ. ಮೀರಿದ ಯೂನಿಟ್‌ಗೆ ನಾವು ಕಟ್ಟಬೇಕು, 200 ದಾಟಿದರೆ ಇಡೀ ಬಿಲ್ಲೇ ನಮ್ಮದು. ಏಪ್ರಿಲ್-ಮೇ ಸೆಕೆಯಲ್ಲಿ ಇದು ತಟ್ಟುತ್ತದೆ.

ಇನ್ನು ದಿನದ ಲೆಕ್ಕ. ರಾತ್ರಿ ಊಟದ ಪಾತ್ರೆ ತೊಳೆದಿಟ್ಟ ಮೇಲೆ ಐದು ನಿಮಿಷ ಸಾಕು. ಹಿಂದೆ ಪರ್ಸಿನಲ್ಲಿ ನೋಟು ಕಮ್ಮಿಯಾದದ್ದು ಕಣ್ಣಿಗೆ ಕಾಣುತ್ತಿತ್ತು. ಈಗ ಸೊಪ್ಪಿಗೆ 20, ಹೂವಿಗೆ 30, ಮಗುವಿನ ಕುರುಕಲಿಗೆ 40 ಎಂದು ಸ್ಕ್ಯಾನ್ ಮಾಡುತ್ತಾ ಹೋದರೆ ಕೈಗೆ ಏನೂ ತಿಳಿಯುವುದಿಲ್ಲ. ಫೋನಿನಲ್ಲಿ ಅದೆಲ್ಲ ಇದ್ದೇ ಇರುತ್ತದಲ್ಲ ಅನ್ನುತ್ತಾರೆ ಮಕ್ಕಳು. ಇರುತ್ತದೆ, ಆದರೆ ಯಾರು ತೆಗೆದು ನೋಡುತ್ತಾರೆ? ಅದನ್ನು ನೋಡಿಕೊಂಡು ಪುಸ್ತಕಕ್ಕೆ ಇಳಿಸಿ. ತರಕಾರಿ, ಹಣ್ಣು, ಸಣ್ಣಪುಟ್ಟದ್ದಕ್ಕೆ ಪ್ರತಿ ಸೋಮವಾರ ಇಂತಿಷ್ಟು ನಗದು ತೆಗೆದಿಟ್ಟುಕೊಳ್ಳಿ. ನಮ್ಮ ಮಹಡಿ ಮನೆಯ ಹುಡುಗಿ 800 ಇಟ್ಟುಕೊಂಡಿದ್ದಾಳೆ. ಶನಿವಾರ 50 ಉಳಿದಿದ್ದರೆ ಭಾನುವಾರ ಹೀರೇಕಾಯಿ ಹುಳಿ, ಅದರ ಸಿಪ್ಪೆಯದೇ ಚಟ್ನಿ.

ಸಾಮಾನು ತುಂಬಿಸುವುದಕ್ಕೆ ಕಾಲ ನೋಡಬೇಕು. ನಮ್ಮ ತುಮಕೂರು ಕಡೆ ಹೊಸ ಹುಣಸೆಹಣ್ಣು ಫೆಬ್ರವರಿ, ಮಾರ್ಚ್‌ನಲ್ಲಿ ಬರುತ್ತದೆ. ಬ್ಯಾಡಗಿ ಮೆಣಸಿನಕಾಯಿಯೂ ಹೊಸ ತೊಗರಿಬೇಳೆಯೂ ಹೆಚ್ಚುಕಮ್ಮಿ ಆ ಹೊತ್ತಿಗೇ. ಬಿಸಿಲೂ ಚೆನ್ನಾಗಿರುತ್ತದೆ. ಹುಣಸೆಯ ಬೀಜ, ನಾರು ತೆಗೆದು ಎರಡು ದಿನ ಒಣಗಿಸಿ, ಕಲ್ಲುಪ್ಪು ಬೆರೆಸಿ ಭರಣಿಯಲ್ಲಿ ಅದುಮಿಟ್ಟರೆ ಮುಂದಿನ ಶಿವರಾತ್ರಿವರೆಗೂ ಚಿಂತೆಯಿಲ್ಲ. ಬೇಳೆಯನ್ನು ಒಣಗಿಸಿ, ಆರಿದ ಮೇಲೆ ಕೆಜಿಗೆ ಒಂದು ಚಮಚದಂತೆ ಹರಳೆಣ್ಣೆ ಹಚ್ಚಿ ಕೈಯಿಂದ ಉಜ್ಜಿ. ಅಂಗೈ ಮಿರಮಿರ ಮಿಂಚಬೇಕು, ಬೇಳೆ ಮಾತ್ರ ಒಂದಕ್ಕೊಂದು ಅಂಟಬಾರದು, ಅದೇ ಹದ. ಹುಳ ಬೀಳುವುದಿಲ್ಲ. ಆದರೆ ಇದಕ್ಕೆ ಒಂದೇ ಸಲ ದುಡ್ಡು ಬೇಕಲ್ಲ, ಆದ್ದರಿಂದ ಇದೂ ಕೆಂಪು ಪೆನ್ನಿನ ಪಟ್ಟಿಗೆ ಸೇರಲಿ. ಡಬ್ಬಿ ಇಡಲು ಜಾಗವಿಲ್ಲದ ಸಣ್ಣ ಮನೆಯವರು ಇದಕ್ಕೆ ಕೈಹಾಕಬೇಡಿ, ಮುಗ್ಗಿದರೆ ಅಗ್ಗಕ್ಕೆ ತಂದದ್ದೇ ದುಬಾರಿ.

ಆಷಾಢದಲ್ಲಿ ನಮ್ಮ ಕಡೆ ಮದುವೆ ಇರುವುದಿಲ್ಲ, ಮುಯ್ಯಿ ಖರ್ಚು ನಿಲ್ಲುತ್ತದೆ. ಅದೇ ಹೊತ್ತಿಗೆ ಸೀರೆ ಅಂಗಡಿಗಳಲ್ಲಿ ಆಷಾಢದ ರಿಯಾಯಿತಿ. ಶ್ರಾವಣದ ಹಬ್ಬಕ್ಕೆ ಹೇಗಿದ್ದರೂ ತೆಗೆಯಬೇಕಾದ ಸೀರೆಯನ್ನು ಆಗಲೇ ತೆಗೆದರೆ ಲಾಭ. ಅರ್ಧ ಬೆಲೆ ಎಂದು ಇನ್ನೆರಡು ತಂದರೆ ವರಮಹಾಲಕ್ಷ್ಮಿ ಹೂವಿಗೆ ಕೈ ಖಾಲಿ. ಹಬ್ಬದ ಹಿಂದಿನ ದಿನ ಕನಕಾಂಬರ, ಮಲ್ಲಿಗೆಯ ಬೆಲೆ ಕೇಳಿದವರಿಗೆ ನಾನು ಹೇಳಬೇಕಾಗಿಲ್ಲ. ಮುಯ್ಯಿಗೆ ಒಂದು ಪುಸ್ತಕ ಇಡಿ. ನಮ್ಮ ಮನೆ ಶುಭಕಾರ್ಯಕ್ಕೆ ಯಾರು ಎಷ್ಟು ಓದಿಸಿದ್ದರು ಎಂದು ಅದರಲ್ಲಿದ್ದರೆ, ಅವರ ಮನೆಗೆ ಹೋಗುವಾಗ ಮುಜುಗರವೂ ಇಲ್ಲ, ಅಳತೆ ಮೀರುವುದೂ ಇಲ್ಲ.

ಒಮ್ಮೆ ಬರೆದ ಬಜೆಟ್ ಅನ್ನೇ ಎರಡು ವರ್ಷ ಹಿಡಿದು ಕೂರಬೇಡಿ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ದಿನಕ್ಕೆ ಒಂದೂವರೆ ಲೀಟರ್ ತರುವ ಮನೆಗೆ ತಿಂಗಳಿಗೆ 180 ರೂಪಾಯಿ. ಪುಸ್ತಕದಲ್ಲಿ ಹಳೆಯ ಅಂಕಿಯೇ ಇದ್ದರೆ ಗೃಹಿಣಿಗೆ ತನ್ನದೇ ಏನೋ ತಪ್ಪಾಗಿದೆ ಎನ್ನಿಸಿ ಮನಸ್ಸು ಹಿಂಡುತ್ತದೆ. ಯುಗಾದಿ ಹೊತ್ತಿಗೊಮ್ಮೆ ಗಂಡ-ಹೆಂಡತಿ ಇಬ್ಬರೂ ಕೂತು ತಿದ್ದಿ. ಇಬ್ಬರೂ ಅಂತ ಒತ್ತಿ ಹೇಳುತ್ತೇನೆ. ಒಬ್ಬರೇ ಬಿಗಿ ಹಿಡಿದು ಇನ್ನೊಬ್ಬರಿಗೆ ಗೊತ್ತೇ ಇಲ್ಲದಿದ್ದರೆ ಮನೆಯಲ್ಲಿ ಜಗಳ ಉಳಿಯುತ್ತದೆ, ಹಣ ಉಳಿಯುವುದಿಲ್ಲ. ದೊಡ್ಡ ಮಕ್ಕಳಿದ್ದರೆ ಅವರನ್ನೂ ಕೂರಿಸಿಕೊಳ್ಳಿ.

ಲೆಕ್ಕ ಬರೆಯುವುದು ಮಧ್ಯದಲ್ಲಿ ತಪ್ಪಿಯೇ ತಪ್ಪುತ್ತದೆ. ಮಗುವಿಗೆ ಜ್ವರ, ಮನೆಗೆ ನೆಂಟರು, ಹತ್ತು ದಿನ ಪುಸ್ತಕ ಮುಟ್ಟಿರುವುದಿಲ್ಲ. ಆಗ ಹಿಂದಿನದನ್ನು ನೆನಪು ಮಾಡಿಕೊಂಡು ತುಂಬಲು ಹೋಗಬೇಡಿ, ಒಂದನೇ ತಾರೀಖು ಬರಲಿ ಎಂದು ಕಾಯಲೂ ಬೇಡಿ. ಪರ್ಸಿನಲ್ಲಿ ಎಷ್ಟಿದೆ, ಖಾತೆಯಲ್ಲಿ ಎಷ್ಟಿದೆ ಎಣಿಸಿ. ಅಡ್ಡಗೆರೆ ಎಳೆದು ಅವತ್ತಿನ ತಾರೀಖು ಹಾಕಿ, ಅವತ್ತಿನ ಹಾಲಿನಿಂದಲೇ ಬರೆಯಲು ಶುರುಮಾಡಿ.