ರಾತ್ರಿಗೆ ಬಿಸಿನೆಸ್, ಹಗಲಿಗೆ ಫಸ್ಟ್: ಮೈಲಿ ಖರ್ಚು ಮಾಡುವುದರಲ್ಲಿ ನನ್ನ ಅನುಭವ

ಮೈಲಿಗಳಲ್ಲಿ, ಅಂದರೆ ಏರ್‌ಲೈನ್‌ಗಳ ರಿವಾರ್ಡ್ ಪಾಯಿಂಟುಗಳಲ್ಲಿ, ಟಿಕೆಟ್ ಮಾಡಿಸಿ ಅಮೆರಿಕ-ಬೆಂಗಳೂರು ಓಡಾಡುವವರ ನಡುವೆ ಒಂದು ಮಾತು ವೇದವಾಕ್ಯವಾಗಿದೆ. ರಾತ್ರಿ ವಿಮಾನಕ್ಕೆ ಫಸ್ಟ್ ಕ್ಲಾಸ್, ಹಗಲಿಗೆ ಬಿಸಿನೆಸ್ ಸಾಕು. ನಾನು ಇದನ್ನು ಪೂರ್ತಿ ತಿರುವಿಹಾಕಿದೆ. ಹೇಳಿದಾಗ ಯಾರೂ ಒಪ್ಪಲಿಲ್ಲ. ನಮ್ಮ ಯಜಮಾನರೇ, "ಅಲ್ಲ ಕಣೇ, ಮಲಗೋಕೆ ಅಂತ ತಾನೆ ಫಸ್ಟ್ ಕ್ಲಾಸು? ಹಗಲು ಕೂತ್ಕೊಂಡು ಏನ್ಮಾಡೋದು?" ಅಂದರು. ಡಲ್ಲಾಸ್‌ನಲ್ಲಿರುವ ಭಾವನಂತೂ ಫೋನಿನಲ್ಲೇ ನಕ್ಕುಬಿಟ್ಟ. ಈಗ ಎರಡು ಕಡೆಯ ಪ್ರಯಾಣವೂ ನಾನು ಅಂದುಕೊಂಡ ಹಾಗೇ ಮುಗಿದಿದೆ. ಅಕೌಂಟಿನಲ್ಲಿ ಮೈಲಿ ಉಳಿದಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾವಿರುವುದು ನ್ಯೂಜೆರ್ಸಿಯ ಎಡಿಸನ್‌ನಲ್ಲಿ. ಹೊರಡುವುದು ನ್ಯೂಯಾರ್ಕಿನ ಜೆಎಫ್‌ಕೆ ವಿಮಾನ ನಿಲ್ದಾಣದಿಂದ. ನನ್ನ ಹತ್ತಿರ ಇರುವುದು ಹೆಚ್ಚಾಗಿ ಅಮೆರಿಕನ್ ಏರ್‌ಲೈನ್ಸಿನ ಮೈಲಿ. ನಾನು ಟಿಕೆಟ್ ಮಾಡಿದಾಗ ಅವರ ಪಾರ್ಟ್‌ನರ್ ಚಾರ್ಟಿನಲ್ಲಿ (ಜೊತೆಗಾರ ಏರ್‌ಲೈನ್‌ಗಳ ಟಿಕೆಟ್ಟಿಗೆ ಎಷ್ಟು ಮೈಲಿ ಅನ್ನುವ ಪಟ್ಟಿ) ಅಮೆರಿಕದಿಂದ ಭಾರತಕ್ಕೆ ಒಂದು ಕಡೆಗೆ ಬಿಸಿನೆಸ್‌ಗೆ 70,000, ಫಸ್ಟ್‌ಗೆ 1,15,000 ಇತ್ತು. ನಡುವಿನ ವ್ಯತ್ಯಾಸ 45,000. ಒಂದು ಮೈಲಿಗೆ ನಾನು ಒಂದೂವರೆ ಸೆಂಟ್ ಹಿಡಿಯುತ್ತೇನೆ. ಎರಡು ಹಿಡಿಯುವವರೂ ಇದ್ದಾರೆ, ಜಗಳ ಬೇಡ. ನನ್ನ ಲೆಕ್ಕದಲ್ಲಿ ಅದು 675 ಡಾಲರ್. ಊರಿನ ದುಡ್ಡಿನಲ್ಲಿ ಹೆಚ್ಚುಕಡಿಮೆ 60,000 ರೂಪಾಯಿ.

ಈ 675 ಡಾಲರ್ ಕೊಟ್ಟು ನಾನು ಕೊಳ್ಳುತ್ತಿರುವುದು ಏನನ್ನು? ಎಚ್ಚರವಾಗಿರುವ ಗಂಟೆಗಳನ್ನು. ಕಣ್ಣು ಮುಚ್ಚಿದ ಮೇಲೆ ಗೋಡೆ ಎಷ್ಟು ಎತ್ತರ, ಬಾಗಿಲಿಗೆ ಯಾವ ಮರ ಅಂತ ಯಾರು ನೋಡುತ್ತಾರೆ? ನಾವು ಬೆಂಗಳೂರಿಗೆ ಹೋಗುವುದು ಗಲ್ಫ್ ಮೂಲಕ. ನ್ಯೂಯಾರ್ಕ್‌ನಿಂದ ಗಲ್ಫಿಗೆ ರಾತ್ರಿ ವಿಮಾನ ಸುಮಾರು 12 ಗಂಟೆ. ಅದರಲ್ಲಿ ಆರೇಳು ಗಂಟೆ ನಿದ್ದೆ. ಹತ್ತುವುದು, ಇಳಿಯುವುದು, ಬೆಲ್ಟ್ ಹಾಕಿ ಕೂರುವುದು ಕಳೆದರೆ ಸುಖಪಡಲು ಸಿಗುವುದು ಮೂರು ಗಂಟೆ. ಅಂದರೆ ಗಂಟೆಗೆ 225 ಡಾಲರ್. ವಾಪಸ್ ಬರುವಾಗ ಅಬುಧಾಬಿಯಿಂದ ಬೆಳಿಗ್ಗೆ ಹೊರಟರೆ 14 ಗಂಟೆ ಹಾದಿ. ಹೊರಗೆ ಪೂರ್ತಿ ಹಗಲು. ಮಧ್ಯೆ ಒಂದು ಸಣ್ಣ ನಿದ್ದೆ ತೆಗೆದರೂ ಒಂಬತ್ತು ಗಂಟೆ ಎಚ್ಚರ. ಗಂಟೆಗೆ 75 ಡಾಲರ್. ಅದೇ 45,000 ಮೈಲಿ, ಬೆಲೆ ಮೂರರಲ್ಲಿ ಒಂದು ಪಾಲು.

ಇಲ್ಲಿಗೆ ಬರುವ ಮುಂಚೆ ಬೇರೆ ದಾರಿಗಳನ್ನೂ ನೋಡಿದ್ದೇನೆ. ಲಂಡನ್ ಮೂಲಕ ಹೋಗುವಾಗ ರಾತ್ರಿಯ ಭಾಗಕ್ಕೆ ಫಸ್ಟ್ ತೆಗೆದುಕೊಂಡಿದ್ದೆ. ಹಾರುವುದೇ ಆರೂವರೆ ಗಂಟೆ. ಊಟಕ್ಕೆ ಒಂದೂವರೆ ಗಂಟೆ ಹೋಯಿತು. ಇಳಿಯಲು ಒಂದು ಗಂಟೆ ಇರುವಾಗಲೇ ದೀಪ ಹಾಕಿ ತಿಂಡಿ ತಂದರು. ಸಿಕ್ಕಿದ್ದು ಮೂರು ಗಂಟೆ ನಿದ್ದೆ. ಯಾರ ತಪ್ಪೂ ಅಲ್ಲ, ಆ ಹಾದಿಯೇ ಅಷ್ಟು ಚಿಕ್ಕದು. ಅದರ ಮೇಲೆ ಬ್ರಿಟಿಷ್ ಏರ್‌ವೇಸ್ ಟಿಕೆಟ್ಟಿಗೆ ಮೈಲಿ ಜೊತೆ ಸರ್‌ಚಾರ್ಜು ಬೇರೆ, ನೂರಾರು ಡಾಲರ್. ಕತಾರ್ ಏರ್‌ವೇಸ್, ಅಬುಧಾಬಿಯ ಎತಿಹಾದ್ ಏರ್‌ಲೈನ್‌ಗೆ ಅಮೆರಿಕನ್ ಮೈಲಿ ಬಳಸಿದರೆ ಆ ಕಾಟ ಇಲ್ಲ, ತೆರಿಗೆ ಮಾತ್ರ.

ಇನ್ನೊಂದು ಸಲ ಹೆಸರು ಹೇಳಲು ಇಷ್ಟವಿಲ್ಲದ ಒಂದು ಏರ್‌ಲೈನ್‌ನಲ್ಲಿ ರಾತ್ರಿಗೆ ಫಸ್ಟ್ ಸಿಕ್ಕಿತು. ಹೊರಡಲು ಕೆಲವು ವಾರ ಇದ್ದಾಗ ವಿಮಾನ ಬದಲಾಯಿಸಿದರು. ಹೊಸದರಲ್ಲಿ ಫಸ್ಟ್ ಅನ್ನುವುದೇ ಇಲ್ಲ! ನಮ್ಮನ್ನು ಬಿಸಿನೆಸ್‌ಗೆ ಹಾಕಿ ಸುಮ್ಮನಾದರು. ವ್ಯತ್ಯಾಸದ ಮೈಲಿ ವಾಪಸ್ ಬರುವಷ್ಟರಲ್ಲಿ ಫೋನಿನಲ್ಲಿ ಕಾಯಿಸುವಾಗ ಹಾಕುವ ಆ ಸಂಗೀತ ನನಗೆ ಬಾಯಿಪಾಠ ಆಗಿತ್ತು. ಆದರೆ ಆ ರಾತ್ರಿ ಬಿಸಿನೆಸ್‌ನಲ್ಲಿ ಗಡದ್ದಾಗಿ ನಿದ್ದೆ ಮಾಡಿದೆ. ನನ್ನ ತಲೆಯಲ್ಲಿ ಹುಳ ಬಿಟ್ಟಿದ್ದೇ ಅದು.

ಆಮೇಲೆ ಕೈಗಡಿಯಾರದಲ್ಲಿ ನಿದ್ದೆ ಅಳೆಯಲು ಶುರು ಮಾಡಿದೆ. ನೆನಪಿನಿಂದ ಹೇಳುತ್ತಿದ್ದೇನೆ: ಬಾಗಿಲಿರುವ ಒಳ್ಳೆ ಬಿಸಿನೆಸ್‌ನಲ್ಲಿ ಆರೂವರೆ ಗಂಟೆ, ಫಸ್ಟ್‌ನಲ್ಲಿ ಆರು ಮುಕ್ಕಾಲು. ಕಾಲು ಗಂಟೆ ನಿದ್ದೆಗೆ 45,000 ಮೈಲಿ! ಜೊತೆಗೆ ಒಂದು ಪುಟ್ಟ ಥರ್ಮಾಮೀಟರನ್ನೂ ಒಯ್ಯುತ್ತಿದ್ದೆ. ಯಜಮಾನರಿಗೆ ನಾಚಿಕೆ, ನನಗಿಲ್ಲ. ನಿದ್ದೆ ಕೆಟ್ಟ ರಾತ್ರಿಗಳಲ್ಲೆಲ್ಲ ಕ್ಯಾಬಿನ್ ಬೆಚ್ಚಗಿತ್ತು, 25-26 ಡಿಗ್ರಿ. ಯಾವ ಕ್ಲಾಸ್ ಅನ್ನುವುದಕ್ಕಿಂತ ಅದೇ ಜಾಸ್ತಿ ಕಾಡಿತು. ಈಗ ಹಾಸಿಗೆ ಹಾಸಿಕೊಂಡ ಮೇಲೆ ದಪ್ಪ ಹೊದಿಕೆಯನ್ನು ಕೆಳಗೆ ಹಾಕಿ, ಮೇಲೆ ಊರಿನ ಹತ್ತಿಯ ಹೊದಿಕೆ ಹೊದೆಯುತ್ತೇನೆ.

ಹೋಗುವಾಗ ಕತಾರ್‌ನ ಕ್ಯೂಸೂಟ್, ಅಂದರೆ ಅವರ ಬಾಗಿಲಿರುವ ಬಿಸಿನೆಸ್ ಸೀಟು. 2017ರಲ್ಲಿ ಬಂದದ್ದು, ಇವತ್ತಿಗೂ ನನಗೆ ಸಾಕು. ಸಾಲಿಗೆ 1-2-1 (ಕಿಟಕಿಗಳ ಕಡೆ ಒಂದೊಂದು, ನಡುವೆ ಎರಡು ಸೀಟು), ಎಲ್ಲರಿಗೂ ಓಡಾಡುವ ದಾರಿ ನೇರ, ಎಲ್ಲರಿಗೂ ಬಾಗಿಲು. ಎ ಅಥವಾ ಕೆ ಸೀಟು ಹಿಡಿಯಿರಿ. ಅವು ಹಿಂದಕ್ಕೆ ಮುಖ ಮಾಡಿರುತ್ತವೆ, ಆದರೆ ಕಿಟಕಿಗೆ ಅಂಟಿಕೊಂಡಿರುತ್ತವೆ, ದಾರಿಯ ಗಲಾಟೆ ದೂರ. ಹಿಂದುಮುಂದಾಗಿ ಕೂತರೆ ತಲೆ ತಿರುಗುತ್ತೆ ಅನ್ನುತ್ತಾರೆ. ಮಲಗಿದವರಿಗೆ ತಲೆ ಎಲ್ಲಿ ತಿರುಗುತ್ತೆ? ಕತಾರ್‌ನಲ್ಲಿ ಬೇಕಾದಾಗ ಊಟ ಕೇಳಬಹುದು, ಬೇಡ ಅಂದರೂ ಬೇಜಾರಿಲ್ಲ. ನಾವು ಲೌಂಜಿನಲ್ಲೇ ಊಟ ಮುಗಿಸಿ ಹತ್ತುತ್ತೇವೆ. ಹತ್ತಿದ ಕೂಡಲೇ ಬಟ್ಟೆ ಬದಲಾಯಿಸುವುದು, "ದೋಹಾ ಬರಲು ಒಂದು ಗಂಟೆ ಇರುವಾಗ ಕಾಫಿ ಕೊಡಿ, ಅಲ್ಲಿಯ ತನಕ ಎಬ್ಬಿಸಬೇಡಿ" ಅನ್ನುವುದು. ಅಷ್ಟೇ.

ಫಸ್ಟ್ ಕ್ಲಾಸಿನ ಇನ್ನೊಂದು ವಿಷಯ ನಮ್ಮಂಥವರಿಗೆ ಯಾರೂ ಬಿಡಿಸಿ ಹೇಳಲ್ಲ. ಅಲ್ಲಿ ದುಬಾರಿ ಸಾಮಾನು ಅಂದರೆ ಶಾಂಪೇನ್ ಮತ್ತು ಕ್ಯಾವಿಯರ್. ನಾವಿಬ್ಬರೂ ಕುಡಿಯಲ್ಲ, ಮೀನಿನ ಮೊಟ್ಟೆ ಮುಟ್ಟಲ್ಲ. ಬಾಟಲಿ ಬೆಲೆಯನ್ನೂ ಕೂಡಿಸಿ "ನೋಡಿ ಎಷ್ಟು ಲಾಭ" ಅನ್ನುವವರ ಲೆಕ್ಕ ನಮ್ಮ ಮನೆಗೆ ನಡೆಯಲ್ಲ. ಸಸ್ಯಾಹಾರದ ಊಟ ಎರಡೂ ಕಡೆ ಸುಮಾರಾಗಿಯೇ ಇರುತ್ತದೆ. ಪನೀರ್ ಇಲ್ಲದೆ ಏರ್‌ಲೈನಿನವರಿಗೆ ಕೈಯೇ ಓಡಲ್ಲ. ನನ್ನ ಬ್ಯಾಗಿನಲ್ಲಿ ಚಟ್ನಿಪುಡಿ ಡಬ್ಬಿ ಯಾವಾಗಲೂ ಇರುತ್ತದೆ. ಫಸ್ಟ್‌ನಲ್ಲಿ ಅನ್ನ, ತುಪ್ಪ ಕೇಳಿ ಅದನ್ನು ಕಲಸಿ ತಿಂದಾಗ ಗಗನಸಖಿ ಏನದು ಅಂತ ಕೇಳಿದಳು. ಒಂದು ಚಮಚ ಕೊಟ್ಟೆ. ಆಮೇಲೆ ಎರಡು ಸಲ ನೀರು ಕುಡಿದಳು.

ವಾಪಸ್ ಬರುವಾಗ ಎತಿಹಾದ್‌ನ ಎ380, ಎರಡು ಮಹಡಿಯ ದೊಡ್ಡ ವಿಮಾನ. ಕೋವಿಡ್ ಸಮಯದಲ್ಲಿ ನಿಲ್ಲಿಸಿದ್ದ ಈ ವಿಮಾನವನ್ನು 2024ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿಗೆ ಮತ್ತೆ ತಂದರು. ಫಸ್ಟ್‌ನಲ್ಲಿ ಕುರ್ಚಿ ಬೇರೆ, ಹಾಸಿಗೆ ಬೇರೆ. ಒಬ್ಬರ ಜಾಗಕ್ಕೆ ಇನ್ನೊಬ್ಬರು ಬಂದು ಎದುರಾಬದುರಾ ಕೂತು ಊಟ ಮಾಡಬಹುದು. ಸ್ನಾನದ ಕೋಣೆಯೂ ಇದೆ. ಇದೆಲ್ಲ ಎಚ್ಚರ ಇದ್ದಾಗ ತಾನೆ ಬೇಕಾಗುವುದು? ಬೆಂಗಳೂರಿನಿಂದ ಅಬುಧಾಬಿವರೆಗಿನ ನಾಲ್ಕು ಗಂಟೆ ಬಿಸಿನೆಸ್. ಆಮೇಲೆ ಇಡೀ ಹಗಲು ಫಸ್ಟ್. ಅಮೆರಿಕದ ಇಮಿಗ್ರೇಶನ್ ಅಬುಧಾಬಿಯಲ್ಲೇ ಮುಗಿಯುತ್ತದೆ, ಜೆಎಫ್‌ಕೆಯಲ್ಲಿ ಇಳಿದವರೇ ಸೂಟ್‌ಕೇಸ್ ಹಿಡಿದು ಹೊರಗೆ. ಹಗಲು ಮಲಗದೆ ಬಂದದ್ದರಿಂದ ಮನೆಗೆ ಹೋಗಿ ರಾತ್ರಿ ಒಂಬತ್ತಕ್ಕೆ ಹಾಸಿಗೆ ಹಿಡಿದರೆ ಬೆಳಿಗ್ಗೆ ಐದಕ್ಕೆ ಎಚ್ಚರ. ವಾರಗಟ್ಟಲೆ ನಡುರಾತ್ರಿ ಎದ್ದು ಉಪ್ಪಿಟ್ಟು ಮಾಡುತ್ತಿದ್ದ ನಮ್ಮ ಮನೆಯಲ್ಲಿ ಇದು ದೊಡ್ಡ ಸಂಗತಿ.

ಟಿಕೆಟ್ ಮಾಡುವಾಗ ಮೊದಲು ಎರಡೂ ಕಡೆಗೆ ಬಿಸಿನೆಸ್ ಹಿಡಿದಿಟ್ಟೆ, ಬೇರೆ ಬೇರೆ ಟಿಕೆಟ್ಟಾಗಿ. ಅಮೆರಿಕನ್‌ನಲ್ಲಿ ರದ್ದು ಮಾಡಿದರೆ ಮೈಲಿ ವಾಪಸ್, ದಂಡ ಇಲ್ಲ. ಆಮೇಲೆ ವಾಪಸ್ ದಿಕ್ಕಿಗೆ ಏರ್‌ಲೈನಿನವರು ಫಸ್ಟ್ ಸೀಟನ್ನು ಮೈಲಿಗೆ ಬಿಡುವುದನ್ನು ಕಾದೆ. ಎರಡು ಸೀಟು ಒಟ್ಟಿಗೆ ಬಿದ್ದ ದಿನ ಬಿಸಿನೆಸ್ ರದ್ದು ಮಾಡಿ ಅದನ್ನು ಹಿಡಿದೆ. ಯಾವ ವಾರ, ಎಷ್ಟು ಗಂಟೆಗೆ ಹುಡುಕುತ್ತೇನೆ ಅನ್ನುವುದನ್ನು ಮಾತ್ರ ಕೇಳಬೇಡಿ. ಆ ಫಸ್ಟ್‌ನಲ್ಲಿ ಸೀಟು ಇರುವುದೇ ಒಂಬತ್ತು.

ನನ್ನ ಲೆಕ್ಕ ಎಲ್ಲ ಕಡೆ ಓಡಲ್ಲ, ನಿಜ. ಬಿಸಿನೆಸ್ ಹಳೆಯ 2-2-2 ಆಗಿದ್ದರೆ ಕಿಟಕಿಯವರು ಪಕ್ಕದವರ ಕಾಲು ದಾಟಿ ಬಾತ್‌ರೂಮಿಗೆ ಹೋಗಬೇಕು. ಲುಫ್ತಾನ್ಸಾದ 747-8ರ ಕೆಳಗಿನ ಡೆಕ್ಕಿನಲ್ಲಿ ಹಾಗೆಯೇ ಇದೆ. ಅಂಥ ವಿಮಾನದಲ್ಲಿ, ಅದರಲ್ಲೂ ಮಂಡಿ ನೋವಿರುವ ಹಿರಿಯರಿದ್ದರೆ, ರಾತ್ರಿಗೂ ಫಸ್ಟ್‌ಗೆ ಅರ್ಥ ಇದೆ. ನ್ಯೂವಾರ್ಕ್‌ನಿಂದ ಸಿಂಗಾಪುರಕ್ಕೆ 18 ಗಂಟೆ ಹಾರುವ ವಿಮಾನದಲ್ಲಂತೂ ಫಸ್ಟ್ ಕ್ಲಾಸೇ ಇಲ್ಲ, ಇರುವುದು ಬಿಸಿನೆಸ್ ಮತ್ತು ಪ್ರೀಮಿಯಂ ಎಕಾನಮಿ. ಅಲ್ಲಿ ಚರ್ಚೆಯೇ ಬೇಡ.

ಹೋಗುವ ರಾತ್ರಿಗೆ ಇಬ್ಬರಿಗೂ ಬಿಸಿನೆಸ್ ಮಾಡಿದ್ದರಿಂದ 90,000 ಮೈಲಿ ಉಳಿಯಿತು. ಅದರಲ್ಲಿ 70,000 ಹಾಕಿ ಅಮ್ಮನಿಗೆ ಬೆಂಗಳೂರಿನಿಂದ ಇಲ್ಲಿಗೆ ಬಿಸಿನೆಸ್ ಟಿಕೆಟ್ ಮಾಡಿದೆ. ಇನ್ನೂ 20,000 ಕೈಯಲ್ಲಿದೆ. ಈಗ ಭಾವ ದಿನಾ ಮೆಸೇಜ್ ಮಾಡುತ್ತಾನೆ, "ಆ ಹುಡುಕೋ ಟೈಮ್ ಒಂದು ಹೇಳಮ್ಮ" ಅಂತ. ವಾರ ಹೇಳಿದ್ದೇನೆ, ಗಂಟೆ ಹೇಳಿಲ್ಲ.