ಕಾಂಪೌಂಡ್ ಬಿಲ್ಲಿಗೆ ತಕ್ಕ ಬಾಣ: ಬಿಗಿತವನ್ನು ಆರಿಸುವುದು ಹೇಗೆ?

ಶಿರಸಿಯ ತೋಟದಂಚಿನ ಅಂಗಳದಲ್ಲೋ ಕಾರವಾರದ ಬಯಲಿನಲ್ಲೋ ಗುರಿ ಅಭ್ಯಾಸ ಮಾಡಲೆಂದು ಕಾಂಪೌಂಡ್ ಬಿಲ್ಲು (ತುದಿಗಳಲ್ಲಿ ಗಾಲಿಗಳಿರುವ ಆಧುನಿಕ ಬಿಲ್ಲು) ಕೊಳ್ಳುವವರು ಬಿಲ್ಲಿಗಾಗಿ ತಿಂಗಳುಗಟ್ಟಲೆ ಯೋಚಿಸಿ, ಬಾಣವನ್ನು ಮಾತ್ರ ಬಣ್ಣ ನೋಡಿ ತರಿಸುವುದುಂಟು. ಬೇಟೆಯ ಬಿಲ್ಲೆಂದು ಮಾರಾಟವಾಗುವ ಮಾದರಿಗಳೂ ಇಲ್ಲಿ ಗುರಿಹಲಗೆಗಷ್ಟೇ ಸಲ್ಲುತ್ತವೆ. ವನ್ಯಪ್ರಾಣಿಗಳ ಬೇಟೆಯನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ನಿಷೇಧಿಸಿದೆ.

ಹೆದೆ ಹಿಂದಿನಿಂದ ರಭಸವಾಗಿ ತಳ್ಳುವಾಗ ಮುಂದಿನ ಮೊನೆಯ ಭಾರ ಅದಕ್ಕೆ ತಡೆಯೊಡ್ಡುವುದರಿಂದ ಬಾಣದ ದಂಡ ನಡುವೆ ಬಾಗುತ್ತದೆ. ಈ ಬಾಗುವಿಕೆಯ ಅಳತೆಯೇ ದಂಡದ ಮೇಲೆ ಅಚ್ಚಾಗಿರುವ ‘ಸ್ಪೈನ್’ ಸಂಖ್ಯೆ. ಸಂಖ್ಯೆ ಚಿಕ್ಕದಾದಷ್ಟೂ ಬಾಣ ಬಿಗಿ. ಅಚ್ಚು ಅಳಿಸಿಹೋಗಿದ್ದರೆ ಮನೆಯಲ್ಲೇ ಅಳೆಯಬಹುದು: 28 ಇಂಚು, ಅಂದರೆ 711 ಮಿಲಿಮೀಟರ್ ಅಂತರದ ಎರಡು ಆಧಾರಗಳ ಮೇಲೆ ಬರಿಯ ದಂಡವನ್ನಿಟ್ಟು, ಸರಿಯಾಗಿ ನಡುವೆ 880 ಗ್ರಾಂ ಮರಳಿನ ಚೀಲವನ್ನು ತೂಗುಹಾಕಬೇಕು. ದಂಡ 12.7 ಮಿಲಿಮೀಟರ್ ಜಗ್ಗಿದರೆ ಅದು 500, ಸುಮಾರು 10.2 ಜಗ್ಗಿದರೆ 400, ಸುಮಾರು 8.6 ಆದರೆ 340.

ಮುಂದೆ ಮೂರು ಅಳತೆಗಳನ್ನು ಬರೆದಿಟ್ಟುಕೊಳ್ಳಬೇಕು. ಮೊದಲನೆಯದು ಎಳೆತದ ಗರಿಷ್ಠ ತೂಕ. ಮೀನುಪೇಟೆಯಲ್ಲಿ ಕಾಣುವಂಥ ಕೊಕ್ಕೆಯ ಡಿಜಿಟಲ್ ತಕ್ಕಡಿಯನ್ನು ಹೆದೆಗೆ ಸಿಕ್ಕಿಸಿ ನಿಧಾನವಾಗಿ ಎಳೆದು, ಕಂಡ ಅತಿ ಹೆಚ್ಚಿನ ತೂಕವನ್ನು ಗುರುತಿಸಿ, ಹೆದೆಯನ್ನು ಬಿಡದೆ ಮೆಲ್ಲನೆ ಮೊದಲಿನ ಸ್ಥಾನಕ್ಕೆ ತರಬೇಕು; ಕಿಲೋಗೆ 2.2ರಂತೆ ಗುಣಿಸಿದರೆ ಪೌಂಡ್ ಲೆಕ್ಕ ಸಿಗುತ್ತದೆ. ಎರಡನೆಯದು ಬಾಣದ ಉದ್ದ. ಇದನ್ನು ನಾಕ್‌ನ (ಹೆದೆಗೆ ಸಿಕ್ಕಿಸುವ ಬಾಲದ ತುದಿಯ) ಸೀಳಿನ ತಳದಿಂದ ದಂಡದ ತುದಿಯವರೆಗೆ, ಮೊನೆಯನ್ನು ಬಿಟ್ಟು ಅಳೆಯುತ್ತಾರೆ. ಮೂರನೆಯದು ಮೊನೆಯ ತೂಕ, ಸಾಮಾನ್ಯವಾಗಿ 100 ಗ್ರೇನ್, ಅಂದರೆ ಸುಮಾರು ಆರೂವರೆ ಗ್ರಾಂ.

ಎಳೆತ ಹೆಚ್ಚಿದಂತೆ ಬಿಗಿಯಾದ ಬಾಣ ಬೇಕು. ಉದ್ದವಾದ ದಂಡವೂ ಭಾರವಾದ ಮೊನೆಯೂ ಅದೇ ಬಾಣವನ್ನು ಮೆದುವಾಗಿಸುತ್ತವೆ. ಈ ಮೂರನ್ನೂ ಬಾಣ ತಯಾರಕರ ಕೋಷ್ಟಕದಲ್ಲಿ ಹೊಂದಿಸಿ ನೋಡಬೇಕು: 50 ಪೌಂಡ್ ಎಳೆತ, 28 ಇಂಚು ಉದ್ದ, 100 ಗ್ರೇನ್ ಮೊನೆಗೆ ಉತ್ತರ ಸಾಮಾನ್ಯವಾಗಿ 400 ಮತ್ತು 500ರ ನಡುವೆ ಬರುತ್ತದೆ. ಕೋಷ್ಟಕ ಕಂಪನಿಯಿಂದ ಕಂಪನಿಗೆ ಬದಲಾಗುವುದರಿಂದ ಒಬ್ಬರ ಬಾಣಕ್ಕೆ ಇನ್ನೊಬ್ಬರ ಕೋಷ್ಟಕ ನೋಡಬಾರದು. ಎರಡು ಸಂಖ್ಯೆಗಳ ನಡುವೆ ಅನುಮಾನ ಬಂದರೆ ಬಿಗಿಯಾದುದನ್ನೇ ಆರಿಸುವುದು ಲೇಸು. ಬಿಗಿ ಹೆಚ್ಚಾದರೆ ಗುರಿ ಹೊಂದಿಸುವ ಕೆಲಸ ಹೆಚ್ಚಬಹುದು, ತೀರಾ ಮೆದುವಾದ ದಂಡವಾದರೋ ಬಿಡುವಾಗಲೇ ಮುರಿದು ಕೈಗೆ ಚುಚ್ಚಬಹುದು.

ಕತ್ತರಿಸಿದ ದಂಡ ಮತ್ತೆ ಬೆಳೆಯದು. ಆದ್ದರಿಂದ ಮೊದಲು ಒಂದೇ ಬಾಣವನ್ನು ಬೇಕಾದ ಉದ್ದಕ್ಕಿಂತ ಅರ್ಧ ಇಂಚು ಹೆಚ್ಚಾಗಿಯೇ ಉಳಿಸಿ ಪರೀಕ್ಷಿಸಬೇಕು. ಚೌಕಟ್ಟಿಗೆ ಬಿಗಿದ ಕಾಗದದ ಮೂಲಕ ಕೆಲವೇ ಹೆಜ್ಜೆ ದೂರದಿಂದ ಬಾಣ ಬಿಟ್ಟಾಗ ರಂಧ್ರ ಅಡ್ಡಡ್ಡ ಹರಿದರೆ, ಮೊದಲು ಹಿಡಿತವನ್ನೂ ಬಿಲ್ಲಿನ ಮೇಲೆ ಬಾಣ ಕೂರುವ ಆಸರೆಯ ನೇರವನ್ನೂ ಸರಿಪಡಿಸಿ, ಅದಾದ ಮೇಲಷ್ಟೇ ಸ್ಪೈನನ್ನು ದೂರಬೇಕು.

ಬಾಣದ ಒಟ್ಟು ತೂಕ ಬಿಲ್ಲು ತಯಾರಕರು ಹೇಳಿದ ಕನಿಷ್ಠಕ್ಕಿಂತ ಇಳಿಯಬಾರದು. ಎಳೆತದ ಪ್ರತಿ ಪೌಂಡಿಗೆ 5 ಗ್ರೇನ್ ಎಂಬುದು ರೂಢಿಯ ಕೆಳಮಿತಿ. ಗುರಿ ತಪ್ಪಿ ಚಿರೆಕಲ್ಲಿನ ಗೋಡೆಗೆ ಬಡಿದ ಕಾರ್ಬನ್ ಬಾಣವನ್ನು ಮೊನೆಯಿಂದ ಬಾಲದವರೆಗೆ ಬೆರಳಾಡಿಸಿ ನೋಡಿ, ಮುಖದಿಂದ ದೂರ ಹಿಡಿದು ತುಸು ಬಾಗಿಸಿ ತಿರುಗಿಸಬೇಕು. ಚಿಟಿಚಿಟಿ ಸದ್ದು ಬಂದರೆ ಅಥವಾ ಕೂದಲೆಳೆಯ ಬಿರುಕು ಕಂಡರೆ ಅದನ್ನು ಮತ್ತೆ ಹೆದೆಗೇರಿಸಬಾರದು.